ನಂಬಿಕೆಗೆ ಬೀಗ ಬೇಕೆ?

ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಆಮೇಲೆ ಕನ್ನಡಕ್ಕೆ ಬಂದ ನಮ್ಮಂಥವರನ್ನು ಕೆಲವು ಪದಗಳು ಬಿಡದೆ ಕಾಡುತ್ತವೆ. ‘ಅಮಾನತು’ ಅಂಥದ್ದೊಂದು ಪದ. ಉರ್ದುವಿನಲ್ಲಿ ಅಮಾನತ್ ಎಂದರೆ ಒಬ್ಬರು ನಂಬಿ ಇನ್ನೊಬ್ಬರ ಬಳಿ ಇಟ್ಟದ್ದು. ಹಜ್‌ಗೆ ಹೊರಟವರು ನೆರೆಮನೆಯವರ ಕೈಗೆ ಕೊಟ್ಟುಹೋದ ಒಡವೆ ಅಮಾನತ್. ಊರಿನವರು ಚಂದಾ ಎತ್ತಿ ಖಜಾಂಚಿಯ ಕೈಗಿಟ್ಟ ಹಣವೂ ಅಮಾನತ್. ಇಟ್ಟುಕೊಂಡವರು ಅದನ್ನು ಕಾಯಬಹುದೇ ಹೊರತು ತಮ್ಮದೆಂದು ಬಳಸುವಂತಿಲ್ಲ. ಇದೇ ಪದ ಕನ್ನಡದ ದಿನಪತ್ರಿಕೆಗೆ ಬರುವಷ್ಟರಲ್ಲಿ ಬೇರೆ ವೇಷ ತೊಟ್ಟಿರುತ್ತದೆ. ‘ಕರ್ತವ್ಯಲೋಪ: ಅಧಿಕಾರಿ ಅಮಾನತು’ ಎಂಬ ತಲೆಬರಹ ನಾವೆಲ್ಲ ಓದಿರುವಂಥದ್ದೇ. ಅಲ್ಲಿ ನಂಬಿ ಕೊಟ್ಟ ಅಧಿಕಾರ, ಇಲ್ಲಿ ಕೊಟ್ಟ ಅಧಿಕಾರವನ್ನು ತಡೆಹಿಡಿಯುವುದು. ಪದ ಈ ದಾರಿಯನ್ನು ಹೇಗೆ ಸವೆಸಿತು ಎಂಬುದನ್ನು ಭಾಷಾಶಾಸ್ತ್ರಜ್ಞರು ನೋಡಿಕೊಳ್ಳಲಿ. ಆ ಎರಡು ಅರ್ಥಗಳ ನಡುವೆ ನಿಂತಿರುವ ಪ್ರಶ್ನೆ ಮಾತ್ರ ನಮ್ಮೆಲ್ಲರದು. ಒಬ್ಬರ ಕೈಗೆ ಅಧಿಕಾರ ಕೊಟ್ಟ ಮೇಲೆ ಅದಕ್ಕೆ ಮಿತಿ ಹಾಕುವುದು, ಸಾಕ್ಷಿ ಇಡುವುದು, ಕಾಲ ಮುಗಿದಾಗ ಹಿಂದಕ್ಕೆ ಕೇಳುವುದು ಅವರಿಗೆ ಮಾಡುವ ಅವಮಾನವೇ?

ಪ್ರಶ್ನೆ ಹಳೆಯದು. ಆದರೆ ನಮ್ಮ ಹಣ, ಪಹಣಿ, ಮಕ್ಕಳ ಅಂಕಪಟ್ಟಿ, ಆಸ್ಪತ್ರೆಯ ವರದಿ ಎಲ್ಲವೂ ಕಂಪ್ಯೂಟರಿನೊಳಗೆ ಸೇರಿಕೊಂಡ ಮೇಲೆ ಅದು ಹೊಸದಾಗಿ ಮೊನಚು ಪಡೆದಿದೆ. ಕಂಪ್ಯೂಟರಿನ ಲೋಕದಲ್ಲಿ ಎಲ್ಲ ಖಾತೆಗಳೂ ಸಮಾನವಲ್ಲ. ಸಾಮಾನ್ಯ ಗುಮಾಸ್ತರ ಖಾತೆ ಅವರ ಮೇಜಿನಷ್ಟೇ ಅಗಲ. ತಮ್ಮ ಕೆಲಸ ಮಾಡಬಹುದು, ಅಷ್ಟೆ. ‘ಅಡ್ಮಿನ್’ ಎಂದು ಕರೆಯುವ ಖಾತೆ ಹಾಗಲ್ಲ. ಅದು ಹೊಸ ಖಾತೆಗಳನ್ನು ಹುಟ್ಟಿಸಬಲ್ಲದು, ಇದ್ದುದನ್ನು ಅಳಿಸಬಲ್ಲದು, ಬೇರೆಯವರ ಪಾಸ್‌ವರ್ಡ್ ಬದಲಿಸಬಲ್ಲದು, ಯಾರ ಕಡತವನ್ನಾದರೂ ತೆರೆಯಬಲ್ಲದು. ಇನ್ನೂ ದೊಡ್ಡ ಸಂಗತಿಯೆಂದರೆ, ತಾನು ಏನು ಮಾಡಿದೆ ಎಂಬ ಗುರುತನ್ನೇ ಅಳಿಸಬಲ್ಲದು. ಹಾಸ್ಟೆಲಿನ ಎಲ್ಲ ಕೋಣೆಗಳಿಗೂ ಹೊಂದುವ ವಾರ್ಡನ್ನಿನ ಕೀಲಿಕೈಗೆ ಇದನ್ನು ಹೋಲಿಸಬಹುದು. ಆದರೆ ವಾರ್ಡನ್ನಿನ ಕೀಲಿಕೈ ಕಳೆದರೆ ಮರುದಿನ ಗೊತ್ತಾಗುತ್ತದೆ. ಪಾಸ್‌ವರ್ಡ್ ಕದ್ದವನು ಅದನ್ನು ನಕಲು ಮಾಡಿಕೊಳ್ಳುತ್ತಾನೆ, ಅಸಲು ಮಾಲೀಕನ ಬಳಿಯೇ ಇರುತ್ತದೆ. ತನ್ನ ಕೀಲಿಕೈ ಕಳವಾಗಿದೆ ಎಂಬುದೇ ಅವನಿಗೆ ಗೊತ್ತಿರುವುದಿಲ್ಲ.

ಇಂದಿನ ಕಳ್ಳರು ಬಹುಮಟ್ಟಿಗೆ ಬಾಗಿಲು ಒಡೆಯುವುದಿಲ್ಲ. ಯಾರೋ ಒಬ್ಬ ಸಾಮಾನ್ಯ ನೌಕರನಿಗೆ ನಂಬುವಂಥ ಇಮೇಲ್ ಕಳಿಸಿ ಅವನ ಕಂಪ್ಯೂಟರಿನೊಳಗೆ ಕಾಲಿಡುತ್ತಾರೆ. ಅಲ್ಲಿ ದೋಚಲು ಹೆಚ್ಚೇನೂ ಇರುವುದಿಲ್ಲ. ಅವರು ಕಾಯುತ್ತಾರೆ. ಎಂದೋ ಒಂದು ದಿನ ಪ್ರಿಂಟರ್ ಸರಿಮಾಡಲು ಬಂದ ತಂತ್ರಜ್ಞ ಅದೇ ಕಂಪ್ಯೂಟರಿನಲ್ಲಿ ತನ್ನ ಅಡ್ಮಿನ್ ಖಾತೆಯಿಂದ ಒಳಹೋಗುತ್ತಾನೆ. ಅವನ ಗುರುತು ಯಂತ್ರದ ನೆನಪಿನಲ್ಲಿ ಉಳಿಯುತ್ತದೆ. ಕಳ್ಳರಿಗೆ ಬೇಕಾದದ್ದು ಅದೇ. ಅಲ್ಲಿಂದ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ, ಕೊನೆಗೆ ತಿಜೋರಿಗೆ. ಮೊದಲ ಬಾಗಿಲು ತೆರೆದದ್ದು ದುರದೃಷ್ಟ ಎನ್ನೋಣ. ಆದರೆ ಮೊದಲ ಬಾಗಿಲಿನಿಂದ ತಿಜೋರಿಯವರೆಗೆ ದಾರಿ ಯಾಕೆ ಇತ್ತು ಎಂದು ಕೇಳಲೇಬೇಕು.

ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಕಥೆ ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ. 2016ರ ಫೆಬ್ರವರಿ 4, ಗುರುವಾರ ರಾತ್ರಿ. ಶುಕ್ರವಾರ, ಶನಿವಾರ ಅಲ್ಲಿ ವಾರದ ರಜೆ. ಬ್ಯಾಂಕುಗಳು ಒಂದಕ್ಕೊಂದು ಹಣ ಪಾವತಿಯ ಸಂದೇಶ ಕಳಿಸಲು ಬಳಸುವ ಸ್ವಿಫ್ಟ್ ಜಾಲದ ಮೂಲಕ, ಅಧಿಕೃತ ನೌಕರರ ಗುರುತಿನಲ್ಲೇ, ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ 35 ಆದೇಶಗಳು ಹೋದವು. ಒಟ್ಟು ಮೊತ್ತ ಸುಮಾರು 95 ಕೋಟಿ ಡಾಲರ್. ಹೆಚ್ಚಿನವು ತಡೆಯಲ್ಪಟ್ಟರೂ ಐದು ಆದೇಶಗಳು ದಾಟಿಹೋದವು. ಶ್ರೀಲಂಕಾಕ್ಕೆ ಹೋದ 2 ಕೋಟಿ ಡಾಲರ್, ಪಡೆಯುವ ಸಂಸ್ಥೆಯ ಹೆಸರಿನಲ್ಲಿ ‘ಫೌಂಡೇಶನ್’ ಪದದ ಕಾಗುಣಿತ ತಪ್ಪಿದ್ದರಿಂದ ಅನುಮಾನಕ್ಕೆ ಸಿಕ್ಕಿ ವಾಪಸು ಬಂತು. ಫಿಲಿಪ್ಪೀನ್ಸಿಗೆ ಹೋದ 8.1 ಕೋಟಿ ಡಾಲರ್ ಅಲ್ಲಿನ ಜೂಜುಕಟ್ಟೆಗಳಲ್ಲಿ ಕರಗಿತು. ಅದರಲ್ಲಿ ಸ್ವಲ್ಪ ಭಾಗ ಮಾತ್ರ ಆಗ ಮರಳಿತು. ಕಳ್ಳರು 2015ರಲ್ಲೇ ಕೆಲಸ ಕೇಳುವ ಅರ್ಜಿಯ ನೆಪದ ಇಮೇಲುಗಳ ಮೂಲಕ ಬ್ಯಾಂಕಿನೊಳಗೆ ನುಸುಳಲು ಶುರುಮಾಡಿದ್ದರು ಎಂದು ಅಮೆರಿಕದ ತನಿಖಾಧಿಕಾರಿಗಳು 2018ರಲ್ಲಿ ನ್ಯಾಯಾಲಯಕ್ಕೆ ತಿಳಿಸಿದರು. ಒಂದು ಬಡ ದೇಶದ ಬೊಕ್ಕಸವನ್ನು ಆ ರಾತ್ರಿ ಒಂದಿಷ್ಟಾದರೂ ಉಳಿಸಿದ್ದು ಕಳ್ಳನ ಕಾಗುಣಿತ ದೋಷ! ಕೆಲಸ ಕೇಳುವ ಅರ್ಜಿ ಓದುವ ಕಂಪ್ಯೂಟರಿಗೂ ದೇಶದ ಖಜಾನೆಯ ಕಂಪ್ಯೂಟರಿಗೂ ನಡುವೆ ಗಟ್ಟಿಯಾದ ಗೋಡೆ ಇದ್ದಿದ್ದರೆ ಇಂಥ ಅದೃಷ್ಟವನ್ನು ನಂಬಿ ಕೂರಬೇಕಾಗಿರಲಿಲ್ಲ.

ಇದಕ್ಕೆ ಪರಿಹಾರವಾಗಿ ತಜ್ಞರು ಹೇಳುವ ಮಾತು ಹೊಸದೇನಲ್ಲ. ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ಇಬ್ಬರು ಅಮೆರಿಕದ ಕಂಪ್ಯೂಟರ್ ವಿಜ್ಞಾನಿಗಳು 1975ರಷ್ಟು ಹಿಂದೆಯೇ ಅದನ್ನು ಬರೆದಿಟ್ಟಿದ್ದರು. ಪ್ರತಿಯೊಬ್ಬರಿಗೂ, ಪ್ರತಿಯೊಂದು ತಂತ್ರಾಂಶಕ್ಕೂ, ಮಾಡಬೇಕಾದ ಕೆಲಸಕ್ಕೆ ಎಷ್ಟು ಅಧಿಕಾರ ಬೇಕೋ ಅಷ್ಟನ್ನೇ ಕೊಡಬೇಕು ಎಂಬುದು ಅದರ ಸಾರ. ಮುಖ್ಯವಾದ ಕೆಲಸಕ್ಕೆ ಒಂದು ಕೀಲಿಕೈಗಿಂತ ಎರಡು ಕೀಲಿಕೈ ಒಳ್ಳೆಯದು ಎಂದೂ ಅವರು ಹೇಳಿದ್ದರು. ಇಂದು ಇದನ್ನು ಹಲವು ರೀತಿಗಳಲ್ಲಿ ಜಾರಿಗೆ ತರುತ್ತಾರೆ. ತಂತ್ರಜ್ಞನಿಗೆ ಎರಡು ಖಾತೆ ಕೊಡುತ್ತಾರೆ. ಇಮೇಲ್ ಓದಲು, ಟಿಪ್ಪಣಿ ಬರೆಯಲು ಸಾಮಾನ್ಯ ಖಾತೆ, ದುರಸ್ತಿ ಕೆಲಸಕ್ಕೆ ಮಾತ್ರ ದೊಡ್ಡ ಖಾತೆ. ದೊಡ್ಡ ಖಾತೆಯ ಪಾಸ್‌ವರ್ಡನ್ನು ಯಾರ ತಲೆಯಲ್ಲೂ ಇಡದೆ ಒಂದು ಭದ್ರ ಪೆಟ್ಟಿಗೆಯಂಥ ತಂತ್ರಾಂಶದಲ್ಲಿಟ್ಟು, ಬೇಕಾದಾಗ ಕಾರಣ ಬರೆದು, ಇನ್ನೊಬ್ಬರ ಒಪ್ಪಿಗೆ ಪಡೆದು, ಒಂದೆರಡು ಗಂಟೆಗಳ ಮಟ್ಟಿಗೆ ತೆಗೆದುಕೊಳ್ಳುವ ಏರ್ಪಾಡು ಮಾಡುತ್ತಾರೆ. ಅವಧಿ ಮುಗಿದೊಡನೆ ಅಧಿಕಾರ ತಾನಾಗಿಯೇ ಇಲ್ಲವಾಗುತ್ತದೆ. ಆ ಹೊತ್ತಿನಲ್ಲಿ ಮಾಡಿದ್ದೆಲ್ಲ ಅವರು ಕೈಯಿಡಲಾಗದ ಬೇರೊಂದು ಕಡೆ ದಾಖಲಾಗುತ್ತದೆ. ಕಳ್ಳ ಬರುವುದೇ ಇಲ್ಲ ಎಂದು ಇದರಲ್ಲಿ ಯಾವುದೂ ಭರವಸೆ ಕೊಡುವುದಿಲ್ಲ. ಬಂದವನು ಮನೆಯಿಡೀ ಓಡಾಡದಂತೆ ನೋಡಿಕೊಳ್ಳುತ್ತದೆ, ಅಷ್ಟೆ.

ನಮ್ಮ ಹಿರಿಯರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ಈ ವಿವೇಕ ಗೊತ್ತಿತ್ತು. ಸರ್ಕಾರಿ ಖಜಾನೆಯ ಭದ್ರ ಕೋಣೆಗೆ ಎರಡು ಬೀಗ, ಎರಡು ಕೀಲಿಕೈ, ಇಬ್ಬರು ಅಧಿಕಾರಿಗಳು. ಬ್ಯಾಂಕಿನ ಲಾಕರ್ ತೆರೆಯಬೇಕಾದರೆ ನಮ್ಮ ಕೀಲಿಕೈಯೊಂದಿಗೆ ಬ್ಯಾಂಕಿನವರ ಕೀಲಿಕೈಯೂ ತಿರುಗಬೇಕು. ದೇವಸ್ಥಾನದ್ದಿರಲಿ, ದರ್ಗಾದ್ದಿರಲಿ, ಹುಂಡಿಯ ಹಣವನ್ನು ನಾಲ್ಕು ಜನರ ಮುಂದೆ ಚಾಪೆಯ ಮೇಲೆ ಸುರಿದು ಎಣಿಸುತ್ತಾರೆ. ಎಣಿಸುವವರು ಕಳ್ಳರೆಂದು ಯಾರೂ ತಿಳಿಯುವುದಿಲ್ಲ. ಅವರೂ ಬೇಸರ ಪಟ್ಟುಕೊಳ್ಳುವುದಿಲ್ಲ.

ಇದಕ್ಕೆ ವಿರುದ್ಧವಾದ ಪದ್ಧತಿಯೂ ನಮ್ಮಲ್ಲಿತ್ತು. ಶಾನುಭೋಗಿಕೆಯ ಕಾಲದಲ್ಲಿ ಇಡೀ ಹಳ್ಳಿಯ ಜಮೀನಿನ ಲೆಕ್ಕ ವಂಶಪಾರಂಪರ್ಯವಾಗಿ ಒಂದು ಮನೆಯ ದಫ್ತರದಲ್ಲಿ ಇರುತ್ತಿತ್ತು. ಸಜ್ಜನ ಶಾನುಭೋಗರು ಇದ್ದ ಊರು ಸುಖವಾಗಿತ್ತು. ಇಲ್ಲದ ಊರಿನ ರೈತ ತನ್ನ ಹೊಲ ತನ್ನದೇ ಎಂದು ಸಾಧಿಸಲು ಕೋರ್ಟಿಗೆ ಅಲೆಯಬೇಕಿತ್ತು. 1961ರ ಕಾಯ್ದೆಯಿಂದ ಮೈಸೂರು ರಾಜ್ಯದಲ್ಲಿ ಆ ವಂಶಪಾರಂಪರ್ಯ ಹುದ್ದೆಗಳು ರದ್ದಾದವು. ಆಮೇಲೂ ದಫ್ತರ ಗ್ರಾಮ ಲೆಕ್ಕಿಗರ ಕೈಯಲ್ಲೇ ಉಳಿಯಿತು. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದರಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಒಂದು ಚಿಕ್ಕ ವಿವರ. ಖಾತೆ ಬದಲಾವಣೆ ಮಾಡುವ ಅಧಿಕಾರಿ ಬರಿಯ ಪಾಸ್‌ವರ್ಡ್‌ನಿಂದಲ್ಲ, ಬೆರಳಚ್ಚು ಒತ್ತಿ ಒಳಹೋಗಬೇಕಿತ್ತು. ಯಾರು ಏನು ತಿದ್ದಿದರು ಎಂಬುದು ಅವರ ಹೆಸರಿನಲ್ಲೇ ದಾಖಲಾಗುತ್ತಿತ್ತು. ಭ್ರಷ್ಟಾಚಾರ ಅದರಿಂದ ಸತ್ತುಹೋಯಿತು ಎಂದು ನಾವು ಹೇಳುವುದಿಲ್ಲ. ಆದರೆ ‘ನಾನಲ್ಲ, ಯಾರೋ ಮಾಡಿದ್ದು’ ಎಂಬ ಮಾತಿಗೆ ಜಾಗ ಕಡಿಮೆಯಾಯಿತು.

ಈಗ ಮೂಲ ಪ್ರಶ್ನೆಗೆ ಬರೋಣ. ಸಂಘದ ಖಜಾಂಚಿಗೆ ‘ಇನ್ನು ಮುಂದೆ ಚೆಕ್ಕಿಗೆ ಇಬ್ಬರ ಸಹಿ ಬೇಕು’ ಎಂದು ಹೇಳಿ ನೋಡಿ. ‘ಇಪ್ಪತ್ತು ವರ್ಷದಿಂದ ಮಾಡ್ಕೊಂಡು ಬಂದಿದೀನಿ, ಈಗ ನನ್ನ ಮೇಲೆ ನಂಬಿಕೆ ಇಲ್ವಾ?’ ಎಂಬ ಉತ್ತರ ಬಂದೇ ಬರುತ್ತದೆ. ಆ ಮಾತಿನಲ್ಲಿ ನಿಜವಾದ ನೋವಿದೆ. ನಮ್ಮ ಸಮಾಜದಲ್ಲಿ ಮನುಷ್ಯನ ಮರ್ಯಾದೆ ಅವನಿಗೆ ಸಿಗುವ ನಂಬಿಕೆಯ ಮೇಲೆ ನಿಂತಿದೆ. ಆದರೆ ಇಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋಗಿವೆ ಎಂದು ನಮಗೆ ಅನ್ನಿಸುತ್ತದೆ. ಒಂದು ನಿಯತ್ತು, ಇನ್ನೊಂದು ಇಖ್ತಿಯಾರ್. ನಿಯತ್ತು ಮನಸ್ಸಿನೊಳಗಿನದು. ಇಖ್ತಿಯಾರ್ ಎಂದರೆ ಕೈಗೆ ಸಿಕ್ಕ ಅಧಿಕಾರ. ನಿಯತ್ತು ಶುದ್ಧವಾಗಿದ್ದರೆ ಇಖ್ತಿಯಾರ್ ಎಷ್ಟಿದ್ದರೂ ಅಪಾಯವಿಲ್ಲ ಎಂದು ನಾವು ತಿಳಿದುಕೊಂಡಿದ್ದೇವೆ. ಅದು ನಿಜವಲ್ಲ. ಯಾಕೆಂದರೆ ಇಖ್ತಿಯಾರನ್ನು ಕದಿಯಬಹುದು, ನಿಯತ್ತನ್ನು ಅದರ ಜೊತೆಗೆ ಕದಿಯಲಾಗುವುದಿಲ್ಲ. ಕೀಲಿಕೈ ಕಳ್ಳನ ಕೈಗೆ ಹೋದ ಮೇಲೆ ಮಾಲೀಕನ ಪ್ರಾಮಾಣಿಕತೆ ಬೀಗಕ್ಕೆ ಗೊತ್ತಾಗುವುದಿಲ್ಲ.

ಈಗ ಎಕ್ಸ್ ಎಂದು ಹೆಸರು ಬದಲಿಸಿಕೊಂಡಿರುವ ಟ್ವಿಟರಿನಲ್ಲಿ ಆದದ್ದು ಇದೇ. 2020ರ ಜುಲೈ 15ರಂದು ಬರಾಕ್ ಒಬಾಮ, ಜೋ ಬೈಡನ್, ಬಿಲ್ ಗೇಟ್ಸ್ ಮುಂತಾದವರ ಖಾತೆಗಳಿಂದ ‘ಬಿಟ್‌ಕಾಯಿನ್ ಕಳಿಸಿ, ದುಪ್ಪಟ್ಟು ಕೊಡುತ್ತೇವೆ’ ಎಂಬ ಸಂದೇಶಗಳು ಹೊರಟವು. ಒಟ್ಟು 130 ಖಾತೆಗಳು ಗುರಿಯಾಗಿದ್ದವು. ಇದರ ಹಿಂದಿದ್ದವರಲ್ಲಿ ಪ್ರಮುಖನೆಂದು ಸಿಕ್ಕಿಬಿದ್ದವನು ಫ್ಲೋರಿಡಾದ 17 ವರ್ಷದ ಹುಡುಗ. ಕಂಪನಿಯ ನೌಕರರಿಗೆ ಫೋನ್ ಮಾಡಿ, ಕಂಪನಿಯ ತಾಂತ್ರಿಕ ವಿಭಾಗದವರಂತೆ ಮಾತನಾಡಿ ಪಾಸ್‌ವರ್ಡ್ ಪಡೆದು, ಯಾವ ಖಾತೆಯನ್ನಾದರೂ ನಿಯಂತ್ರಿಸಬಲ್ಲ ಒಳಗಿನ ಸಾಧನವನ್ನು ಅವರು ತಲುಪಿದ್ದರು. ಆ ಸಾಧನ ಸಾವಿರಕ್ಕೂ ಹೆಚ್ಚು ನೌಕರರು ಮತ್ತು ಗುತ್ತಿಗೆದಾರರ ಕೈಗೆ ಎಟಕುವಂತಿತ್ತು ಎಂದು ಆಗ ವರದಿಯಾಯಿತು. ಮೋಸಹೋದ ನೌಕರರು ದ್ರೋಹಿಗಳಲ್ಲ. ಒಂದು ದುಡಿಮೆಯ ದಿನದಲ್ಲಿ ಬಂದ ಹತ್ತು ಫೋನುಗಳಲ್ಲಿ ಒಂದನ್ನು ನಂಬಿದರು. ಸಾವಿರ ಜನರಲ್ಲಿ ಒಬ್ಬರು ಒಂದು ಕ್ಷಣ ಮೈಮರೆಯುವುದು ಮನುಷ್ಯಸಹಜ. ಆ ಒಂದು ಕ್ಷಣದ ಬೆಲೆ ಎಷ್ಟಾಗಬೇಕು ಎಂಬುದನ್ನು ನಿರ್ಧರಿಸುವುದು ಅವರಿಗೆ ಕೊಟ್ಟ ಅಧಿಕಾರದ ಅಳತೆ. ಹಾಗೆ ನೋಡಿದರೆ ಮಿತಿ ಹಾಕುವುದು ಮನುಷ್ಯನ ದೌರ್ಬಲ್ಯದ ಮೇಲೆ ತೋರುವ ಕರುಣೆ. ನಿನ್ನ ತಪ್ಪು ನಿನ್ನ ತಲೆಗಿಂತ ದೊಡ್ಡದಾಗದಿರಲಿ ಎಂಬ ಕಾಳಜಿ.

ಪ್ರಾಮಾಣಿಕರಿಗೆ ಅದರಿಂದ ಇನ್ನೊಂದು ಉಪಕಾರವಿದೆ. ಕಳವಾದ ದಿನ ಮೊದಲು ಅನುಮಾನ ಬೀಳುವುದು ಕೀಲಿಕೈ ಇದ್ದವರ ಮೇಲೆ. ಯಾರ ಬಳಿ ಆ ಕೋಣೆಯ ಕೀಲಿಕೈ ಇರಲೇ ಇಲ್ಲವೋ ಅವರು ಆ ರಾತ್ರಿ ನಿದ್ದೆ ಮಾಡಬಹುದು. ಹುಂಡಿ ಎಣಿಸುವಾಗ ನಾಲ್ಕು ಜನ ಇರಲಿ ಎಂದು ಹಠ ಹಿಡಿಯುವ ಮುತವಲ್ಲಿ, ಚೆಕ್ಕಿಗೆ ಇನ್ನೊಂದು ಸಹಿ ಬೇಕೆಂದು ತಾನೇ ಕೇಳುವ ಖಜಾಂಚಿ ಜಾಣರು. ಅವರು ತಮ್ಮ ಹೆಸರನ್ನು ಕಾಯ್ದುಕೊಳ್ಳುತ್ತಿದ್ದಾರೆ.

ಒಬ್ಬನೇ ಒಂದೇ ಕುರ್ಚಿಯಲ್ಲಿ ಬಹಳ ಕಾಲ ಕೂತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 2018ರಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಹಗರಣದ ಮೊತ್ತ 13,000 ಕೋಟಿ ರೂಪಾಯಿಗೂ ಹೆಚ್ಚು. ಮುಂಬಯಿಯ ಒಂದು ಶಾಖೆಯಿಂದ ವರ್ಷಗಟ್ಟಲೆ ಸಾಲದ ಭರವಸೆ ಪತ್ರಗಳು ಸ್ವಿಫ್ಟ್ ಮೂಲಕ ಹೊರಗೆ ಹೋಗುತ್ತಿದ್ದವು, ಬ್ಯಾಂಕಿನ ಮುಖ್ಯ ಲೆಕ್ಕದ ಪುಸ್ತಕದಲ್ಲಿ ಮಾತ್ರ ದಾಖಲಾಗುತ್ತಿರಲಿಲ್ಲ. ಎರಡು ವ್ಯವಸ್ಥೆಗಳ ನಡುವೆ ಕೊಂಡಿಯೇ ಇರಲಿಲ್ಲ. ಪ್ರಕರಣದ ಪ್ರಮುಖ ಆರೋಪಿಗಳಲ್ಲಿ ಒಬ್ಬನಾದ ಉಪ ವ್ಯವಸ್ಥಾಪಕ 2010ರಿಂದ 2017ರಲ್ಲಿ ನಿವೃತ್ತನಾಗುವವರೆಗೆ ಅದೇ ಶಾಖೆಯ ಅದೇ ವಿಭಾಗದಲ್ಲಿದ್ದ. ಅವನ ಜಾಗಕ್ಕೆ ಹೊಸಬರು ಬಂದು, ಗ್ರಾಹಕರಿಗೆ ‘ನಿಯಮದ ಪ್ರಕಾರ ಠೇವಣಿ ಎಲ್ಲಿ?’ ಎಂದು ಕೇಳಿದಾಗ, ‘ಹಿಂದೆ ಎಂದೂ ಕೇಳಿರಲಿಲ್ಲವಲ್ಲ’ ಎಂಬ ಉತ್ತರ ಬಂತು. ಅಲ್ಲಿಂದ ದಾರ ಬಿಚ್ಚಿಕೊಂಡಿತು. ಎರಡನೆಯ ಕಣ್ಣೊಂದು ಮೊದಲೇ ಅಲ್ಲಿ ಇದ್ದಿದ್ದರೆ!

ಇದಕ್ಕೆ ತದ್ವಿರುದ್ಧವಾದ ಒಂದು ಪ್ರಸಂಗವೂ ಇದೆ. ಅಲ್ಲಿ ಕಳ್ಳತನವಿಲ್ಲ, ದುರಾಸೆಯಿಲ್ಲ. 2008ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತದಲ್ಲಿ ಟೆರಿ ಚೈಲ್ಡ್ಸ್ ಎಂಬ ತಂತ್ರಜ್ಞನಿದ್ದ. ನಗರದ ಕಂಪ್ಯೂಟರ್ ಜಾಲವನ್ನು ಕಟ್ಟುವುದರಲ್ಲಿ ಅವನ ಶ್ರಮ ದೊಡ್ಡದು. ಅದರ ಒಳಬಾಗಿಲಿನ ಪಾಸ್‌ವರ್ಡ್ ಅವನೊಬ್ಬನ ಬಳಿ ಮಾತ್ರ ಇತ್ತು. ಮೇಲಧಿಕಾರಿಗಳು ಕೇಳಿದಾಗ ಅವನು ಕೊಡಲಿಲ್ಲ. ಅದನ್ನು ಸರಿಯಾಗಿ ಕಾಯಬಲ್ಲ ಯೋಗ್ಯತೆ ಅವರಿಗಿಲ್ಲ ಎಂಬುದು ಅವನ ನಿಲುವು. ಬಂಧನವಾಯಿತು. ಸುಮಾರು ಹನ್ನೆರಡು ದಿನ ಇಡೀ ನಗರಾಡಳಿತಕ್ಕೆ ತನ್ನದೇ ಮನೆಯ ಕೀಲಿಕೈ ಇರಲಿಲ್ಲ. ಕೊನೆಗೆ ಮೇಯರ್ ಗ್ಯಾವಿನ್ ನ್ಯೂಸಮ್ ಜೈಲಿಗೆ ಹೋದಾಗ ಅವರೊಬ್ಬರಿಗೆ ಮಾತ್ರ ಹೇಳಿದ. 2010ರಲ್ಲಿ ನ್ಯಾಯಾಲಯ ಅವನನ್ನು ಅಪರಾಧಿಯೆಂದು ಹೇಳಿ ನಾಲ್ಕು ವರ್ಷ ಶಿಕ್ಷೆ ವಿಧಿಸಿತು. ವಿಚಿತ್ರವೆಂದರೆ ಅಷ್ಟೂ ದಿನ ಜಾಲ ಕೆಟ್ಟಿರಲಿಲ್ಲ, ಚೆನ್ನಾಗಿಯೇ ನಡೆಯುತ್ತಿತ್ತು. ಈ ಮನುಷ್ಯನನ್ನು ದುಷ್ಟನೆನ್ನಲು ನಮಗೆ ಮನಸ್ಸು ಬರುವುದಿಲ್ಲ. ತಾನು ಕಟ್ಟಿದ್ದನ್ನು ಅವನು ಪ್ರೀತಿಸಿದ. ಪ್ರೀತಿ ಯಾವಾಗ ಒಡೆತನವಾಯಿತು ಎಂಬುದು ಅವನಿಗೆ ತಿಳಿಯಲಿಲ್ಲ. ಇಂಥವರು ನಮ್ಮ ನಡುವೆಯೂ ಇದ್ದಾರೆ. ಊರಿನ ಶಾಲೆಯನ್ನು, ಜಮಾತನ್ನು, ಸಹಕಾರ ಸಂಘವನ್ನು ಬೆವರು ಸುರಿಸಿ ಕಟ್ಟಿದವರು, ಚೆಕ್ ಪುಸ್ತಕವನ್ನು ಮನೆಯ ಬೀರುವಿನಲ್ಲೇ ಇಟ್ಟುಕೊಂಡು ಮುದುಕರಾಗುತ್ತಾರೆ. ಒಂದು ಪೈಸೆ ಮುಟ್ಟಿರುವುದಿಲ್ಲ. ಆದರೆ ಅವರು ಕಣ್ಣುಮುಚ್ಚಿದ ದಿನ ಸಂಸ್ಥೆಯೂ ಕಂಗೆಡುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಕಚೇರಿಗಳ ವಾಸ್ತವ ನೋಡದಿದ್ದರೆ ಮಾತು ಅರ್ಧವಾಗುತ್ತದೆ. ಕಾಗದದ ಮೇಲೆ ಅಧಿಕಾರ ಸಾಹೇಬರದು, ಪಾಸ್‌ವರ್ಡ್ ಗುತ್ತಿಗೆಯ ಡೇಟಾ ಎಂಟ್ರಿ ಹುಡುಗನ ಬಳಿ. ಸಾಹೇಬರಿಗೆ ಸಭೆ, ಪ್ರವಾಸ. ಕಂಪ್ಯೂಟರಿನ ಮುಂದೆ ಕೂರಲು ಪುರುಸೊತ್ತಿಲ್ಲ. ‘ಅನುಮೋದನೆ’ ಎಂಬ ಗುಂಡಿಯನ್ನು ಅವರ ಹೆಸರಿನಲ್ಲಿ ದಿನಕ್ಕೆ ನೂರು ಸಲ ಒತ್ತುವವನು ಆ ಹುಡುಗ. ಎಲ್ಲ ಸರಿಯಿರುವಷ್ಟು ದಿನ ಇದು ‘ಹೊಂದಾಣಿಕೆ’. ಒಂದು ದಿನ ಕಡತದಲ್ಲಿ ಹಣ ಕಾಣೆಯಾದರೆ ಪೊಲೀಸ್ ಜೀಪು ಹತ್ತುವವನು ಅವನೇ. ಸಾಹೇಬರು ಹೆಚ್ಚೆಂದರೆ ಅಮಾನತು. ಆ ಹುಡುಗನಿಗೆ ‘ಸರ್, ನಿಮ್ಮ ಪಾಸ್‌ವರ್ಡ್ ನನಗೆ ಬೇಡ’ ಎಂದು ಹೇಳುವ ಶಕ್ತಿ ಎಲ್ಲಿಂದ ಬರಬೇಕು? ಹೇಳಿದರೆ ಮುಂದಿನ ತಿಂಗಳು ಗುತ್ತಿಗೆ ಉಳಿದೀತೆ?

2018ರ ಜನವರಿಯಲ್ಲಿ ‘ದಿ ಟ್ರಿಬ್ಯೂನ್’ ಪತ್ರಿಕೆಯ ವರದಿಗಾರ್ತಿಯೊಬ್ಬರು ವಾಟ್ಸಾಪಿನಲ್ಲಿ ಸಿಕ್ಕ ಅಪರಿಚಿತನಿಗೆ 500 ರೂಪಾಯಿ ಕೊಟ್ಟು, ಕೆಲವೇ ನಿಮಿಷಗಳಲ್ಲಿ ಆಧಾರ್ ಪೋರ್ಟಲಿಗೆ ಪ್ರವೇಶ ಪಡೆದದ್ದಾಗಿ ವರದಿ ಮಾಡಿದರು. ಯಾವುದೇ ಆಧಾರ್ ಸಂಖ್ಯೆ ಹಾಕಿದರೆ ಆ ವ್ಯಕ್ತಿಯ ಹೆಸರು, ವಿಳಾಸ, ಫೋನ್ ನಂಬರು ಕಾಣುತ್ತಿದ್ದವು. ಬೆರಳಚ್ಚು ಮುಂತಾದ ಜೈವಿಕ ಗುರುತುಗಳು ಸೋರಿಲ್ಲ ಎಂದು ಪ್ರಾಧಿಕಾರ ಹೇಳಿತು. ಜನರ ದೂರು ಪರಿಹರಿಸಲೆಂದು ಕೊಟ್ಟಿದ್ದ ಪ್ರವೇಶ ದುರುಪಯೋಗವಾಗಿರಬಹುದು ಎಂದೂ ತಿಳಿಸಿತು. ಗೋಡೆ ಒಡೆದಿರಲಿಲ್ಲ. ಕೀಲಿಕೈಗಳು ಬೀದಿಯಲ್ಲಿ ಮಾರಾಟವಾಗುತ್ತಿದ್ದವು.

ಇಲ್ಲಿ ನಮ್ಮನ್ನು ಚುಚ್ಚುವ ವಿಪರ್ಯಾಸವೊಂದಿದೆ. ಅಕ್ಕಿಗಾಗಿ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತ ಮುದುಕಿ ತನ್ನ ಗುರುತನ್ನು ಸಾಬೀತುಪಡಿಸಲು ಬೆರಳು ಒತ್ತಬೇಕು. ಬೀಡಿ ಕಟ್ಟಿ, ಪಾತ್ರೆ ತಿಕ್ಕಿ ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ ನಾಳೆ ಬಾ ಎನ್ನಿಸಿಕೊಳ್ಳಬೇಕು. ಆಕೆ ಕೇಳುತ್ತಿರುವುದು ತನ್ನ ಹಕ್ಕಿನ ಐದು ಕಿಲೋ ಧಾನ್ಯ. ಆಕೆ ಮೋಸ ಮಾಡಿದರೂ ಆಗುವ ನಷ್ಟ ಆ ಐದು ಕಿಲೋ. ಲಕ್ಷಾಂತರ ಜನರ ಮಾಹಿತಿ ತೆರೆಯಬಲ್ಲ, ಕೋಟ್ಯಂತರ ರೂಪಾಯಿ ಸಾಗಿಸಬಲ್ಲ ಖಾತೆಯೋ ಗೋಡೆಗೆ ಅಂಟಿಸಿದ ಚೀಟಿಯಲ್ಲಿನ ಪಾಸ್‌ವರ್ಡಿನಿಂದ ತೆರೆದುಕೊಳ್ಳುತ್ತದೆ. ಬೀಗ ಇರಬೇಕಾದಲ್ಲಿ ಬಾಗಿಲೇ ಇಲ್ಲ, ಬಾಗಿಲು ತೆರೆದಿರಬೇಕಾದಲ್ಲಿ ಮೂರು ಬೀಗ. ಭದ್ರತೆಯ ಹೆಸರಿನಲ್ಲಿ ನಡೆಯುವುದನ್ನು ಅಳೆಯಲು ನಮಗೆ ತೋರುವ ಮಾನದಂಡ ಸರಳ. ಇತರರ ಮೇಲೆ ಯಾರ ಕೈ ಎಷ್ಟು ಉದ್ದಕ್ಕೆ ಚಾಚಬಲ್ಲದೋ ಅವರ ಮೇಲೆ ಅಷ್ಟು ಹೆಚ್ಚಿನ ಮಿತಿ, ಅಷ್ಟು ಹೆಚ್ಚಿನ ಸಾಕ್ಷಿ. ಈ ಮಿತಿ ಮೇಲಿನಿಂದ ಶುರುವಾಗಬೇಕು. ನಿರ್ದೇಶಕರು ತಮ್ಮ ಅಡ್ಮಿನ್ ಅಧಿಕಾರವನ್ನು ಬಿಟ್ಟುಕೊಟ್ಟ ಕಚೇರಿಯಲ್ಲಿ ಗುಮಾಸ್ತನಿಗೆ ನಿಯಮ ಅವಮಾನವೆನಿಸುವುದಿಲ್ಲ. ಮೇಲಿನವರಿಗೆ ವಿನಾಯಿತಿ ಇಟ್ಟು ಕೆಳಗಿನವರನ್ನು ಮಾತ್ರ ಕಾಯುವುದಾದರೆ ಅದು ಬರೀ ಕಾವಲುಗಾರಿಕೆ. ಅದನ್ನು ಅಮಾನತ್ ಎನ್ನಲು ಬರುವುದಿಲ್ಲ.

ಒಂದು ಆಕ್ಷೇಪವನ್ನು ಕೇಳಿಸಿಕೊಳ್ಳಲೇಬೇಕು. ಎಲ್ಲಕ್ಕೂ ಬೀಗ ಹಾಕುತ್ತ ಹೋದರೆ ಕೆಲಸ ನಡೆಯುವುದು ಹೇಗೆ? ನಡುರಾತ್ರಿ ಆಸ್ಪತ್ರೆಗೆ ಪ್ರಜ್ಞೆ ತಪ್ಪಿದ ರೋಗಿ ಬಂದಿದ್ದಾರೆ. ಅವರ ಹಿಂದಿನ ದಾಖಲೆ ನೋಡಲು ಕರ್ತವ್ಯದಲ್ಲಿರುವ ವೈದ್ಯರಿಗೆ ಅನುಮತಿ ಇಲ್ಲ, ಅನುಮತಿ ಕೊಡಬೇಕಾದವರು ನಿದ್ದೆಯಲ್ಲಿದ್ದಾರೆ. ಅಲ್ಲಿ ನಿಯಮ ಪಾಲಿಸಿದರೆ ಜೀವ ಹೋಗುತ್ತದೆ. ಈ ಆಕ್ಷೇಪ ನಿಜವಾದದ್ದು, ಇದನ್ನು ಯೋಚಿಸಿದವರು ದಾರಿಯನ್ನೂ ಕಂಡುಕೊಂಡಿದ್ದಾರೆ. ರೈಲಿನ ಡಬ್ಬಿಯಲ್ಲಿ ಅಪಾಯದ ಸರಪಳಿ ಎಲ್ಲರ ಕೈಗೂ ಎಟಕುವಂತಿರುತ್ತದೆ. ಎಳೆದರೆ ರೈಲು ನಿಲ್ಲುತ್ತದೆ, ಆಮೇಲೆ ಕಾರಣ ಹೇಳಬೇಕು, ಅಷ್ಟೆ. ಹಾಗೆಯೇ ತುರ್ತಿಗೆಂದೇ ಒಂದು ಖಾತೆ ಇರುತ್ತದೆ. ಅದನ್ನು ಬಳಸಿದ ಕೂಡಲೇ ಸಂಬಂಧಪಟ್ಟವರಿಗೆಲ್ಲ ಸುದ್ದಿ ಮುಟ್ಟುತ್ತದೆ, ಮರುದಿನ ಯಾಕೆ ಬಳಸಿದಿರಿ ಎಂದು ವಿವರ ಕೇಳುತ್ತಾರೆ. ಕರುಣೆಗೆ ದಾರಿ ಇರಬೇಕು, ಆ ದಾರಿಯ ಮೇಲೆ ದೀಪವೂ ಇರಬೇಕು. ಬೀಗ ಕ್ರೌರ್ಯವಾಗದಂತೆ ನೋಡಿಕೊಳ್ಳುವುದು ಬೀಗ ಹಾಕುವವರದೇ ಜವಾಬ್ದಾರಿ.

ಕೊಡುವುದರಲ್ಲಿ ನಾವು ಉದಾರಿಗಳು, ಹಿಂದಕ್ಕೆ ಪಡೆಯುವುದರಲ್ಲಿ ಸಂಕೋಚದವರು. ನೌಕರನ ವರ್ಗಾವಣೆಯಾಗುತ್ತದೆ, ಹೊಸ ಊರಿನಲ್ಲಿ ಹೊಸ ಅಧಿಕಾರ ಸಿಗುತ್ತದೆ, ಹಳೆಯದೂ ಉಳಿದಿರುತ್ತದೆ. ನಿವೃತ್ತಿಯಾದವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತೇವೆ. ಕಪಾಟಿನ ಕೀಲಿಕೈ ಎಣಿಸಿ ತೆಗೆದುಕೊಳ್ಳುತ್ತೇವೆ, ಪಾಸ್‌ವರ್ಡ್ ಬದಲಿಸಲು ಮರೆಯುತ್ತೇವೆ. 2021ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಇಂಧನ ಸಾಗಿಸುವ ಸುಮಾರು 8,800 ಕಿಲೋಮೀಟರ್ ಉದ್ದದ ಕೊಲೋನಿಯಲ್ ಪೈಪ್‌ಲೈನ್ ನಿಂತುಹೋಯಿತು. ಪೆಟ್ರೋಲ್ ಬಂಕುಗಳ ಮುಂದೆ ಸಾಲುಗಳು ಬೆಳೆದವು. ಕಂಪನಿ ಸುಲಿಗೆಕೋರರಿಗೆ 44 ಲಕ್ಷ ಡಾಲರ್ ಕೊಟ್ಟಿತು. ಅದರಲ್ಲೊಂದು ಭಾಗವನ್ನು ಸರ್ಕಾರ ಆಮೇಲೆ ಮರಳಿ ವಶಪಡಿಸಿಕೊಂಡಿತು. ಕಳ್ಳರು ಒಳಬಂದದ್ದು ದೂರದಿಂದ ಕಂಪನಿಯ ಜಾಲ ಸೇರಲು ಇದ್ದ ಒಂದು ಹಳೆಯ ಖಾತೆಯ ಮೂಲಕ. ಅದನ್ನು ಯಾರೂ ಬಳಸುತ್ತಿರಲಿಲ್ಲ, ಯಾರೂ ಮುಚ್ಚಿಯೂ ಇರಲಿಲ್ಲ. ಪಾಸ್‌ವರ್ಡ್ ಬಿಟ್ಟರೆ ಎರಡನೆಯ ತಪಾಸಣೆ ಅದಕ್ಕಿರಲಿಲ್ಲ. ಒಂದು ಮರೆತ ಕೀಲಿಕೈ ಇಷ್ಟು ದೊಡ್ಡ ದೇಶದ ಅರ್ಧ ಕರಾವಳಿಯನ್ನು ತಲ್ಲಣಗೊಳಿಸಿತು.

ಆದ್ದರಿಂದ ಈ ವಿಚಾರವನ್ನು ತಂತ್ರಜ್ಞರಿಗೆ ಬಿಟ್ಟು ನಾವು ಸುಮ್ಮನಿರುವಂತಿಲ್ಲ. ನಮ್ಮ ಮಕ್ಕಳು ಓದುವ ಶಾಲೆ, ನಾವು ಉಳಿತಾಯ ಇಟ್ಟ ಸಹಕಾರ ಬ್ಯಾಂಕು, ನಾವು ಚಂದಾ ಕೊಡುವ ಸಂಘ, ಎಲ್ಲ ಕಡೆಯೂ ಕೆಲವು ಪ್ರಶ್ನೆಗಳನ್ನು ಕೇಳಬಹುದು. ದೊಡ್ಡ ಕೀಲಿಕೈ ಯಾರ ಯಾರ ಬಳಿ ಇದೆ? ಪ್ರತಿಯೊಬ್ಬರಿಗೂ ಅದು ನಿಜವಾಗಿ ಬೇಕೆ? ಒಬ್ಬರೇ ಕೂತು ಮಾಡಿ ಮುಗಿಸಬಹುದಾದ ದೊಡ್ಡ ಕೆಲಸ ಯಾವುದಾದರೂ ಉಳಿದಿದೆಯೆ? ಬಿಟ್ಟುಹೋದವರ ಕೀಲಿಕೈ ಹಿಂದಕ್ಕೆ ಬಂತೆ? ಕೇಳಿದರೆ ಮೊದಮೊದಲು ಮುಖ ಗಂಟಾಗಬಹುದು. ಆದರೂ ಕೇಳಬೇಕು. ಮನೆಯೊಳಗೂ ಅಷ್ಟೆ. ವಯಸ್ಸಾದ ಅಮ್ಮಿಯ, ಅಬ್ಬಾನ ಫೋನಿನಿಂದ ಹಣ ಕಳಿಸಿಕೊಡುವ ಮಗ ಅವರ ಪಿನ್ ತಿಳಿದುಕೊಳ್ಳುವುದು ಅನಿವಾರ್ಯವಾಗಿರಬಹುದು. ಆಗ ಪ್ರತಿ ಸಲ ಏನು ಕಳಿಸಿದೆ, ಯಾರಿಗೆ ಕಳಿಸಿದೆ ಎಂದು ಅವರ ಪಕ್ಕದಲ್ಲಿ ಕೂತು ಹೇಳುವುದು ಅವನ ಧರ್ಮ. ಅವರು ಕೇಳದಿದ್ದರೂ ಹೇಳಬೇಕು.

ಅಮಾನತ್ ಇಟ್ಟುಕೊಂಡವರು ಅದರ ಒಡೆಯರಲ್ಲ ಎಂಬ ಒಂದು ತಿಳಿವಳಿಕೆ ಇದ್ದರೆ ಉಳಿದ ನಿಯಮಗಳೆಲ್ಲ ತಾವಾಗಿಯೇ ಹಿಂಬಾಲಿಸುತ್ತವೆ. ಬೇರೆಯವರ ವಸ್ತು ಎಂದು ತಿಳಿದವನು ಅದನ್ನು ಎಷ್ಟು ಬೇಕೋ ಅಷ್ಟೇ ಮುಟ್ಟುತ್ತಾನೆ, ಸಾಕ್ಷಿ ಇರಲಿ ಎನ್ನುತ್ತಾನೆ, ಯಾವಾಗ ಬೇಕಾದರೂ ಲೆಕ್ಕ ಒಪ್ಪಿಸಲು ಸಿದ್ಧನಿರುತ್ತಾನೆ. ಹಜ್ ಮುಗಿಸಿ ನೆರೆಯವರು ಊರಿಗೆ ಬಂದ ದಿನ, ಅವರು ಕೇಳುವ ಮೊದಲೇ ಒಡವೆಯ ಗಂಟು ಹಿಡಿದು ಅವರ ಹೊಸ್ತಿಲಿಗೆ ಹೋಗಿ ನಿಲ್ಲುವವರನ್ನು ನಮ್ಮ ಊರುಗಳು ಈಗಲೂ ಗೌರವದಿಂದ ನೆನೆಯುತ್ತವೆ. ಅವರು ಗಂಟನ್ನು ಬಿಚ್ಚಿ, ಎದುರಿಗೇ ಎಣಿಸಿ ಕೊಡುತ್ತಾರೆ. ಬೇಡ, ಬೇಡ, ನಿಮ್ಮ ಮೇಲೆ ನಂಬಿಕೆ ಇದೆ ಎಂದರೂ ಎಣಿಸುವುದನ್ನು ನಿಲ್ಲಿಸುವುದಿಲ್ಲ.